ಅಲ್ಜೈಮರ್ಸ್ ಪಾಠ: ಕಣ್ಣು ಕಾಣದ, ಕಿವಿ ಸರಿಯಾಗಿ ಕೇಳದ ಮಕ್ಕಳೂ ಇರುವ ಕ್ಲಾಸಿಗೆ ಹೇಗೆ ಹೊಂದಿಸೋದು?

ತುಂಗಾತೀರ (ತೀರ್ಥಹಳ್ಳಿ) — ಪ್ರಶ್ನೆ

ಬಿ.ಎಸ್ಸಿ. ಕೊನೇ ವರ್ಷದವರಿಗೆ ನರಮಂಡಲ ಮುಗಿಯುತ್ತಾ ಬಂತು. ಇದರ ಬೆನ್ನಿಗೇ ಅಲ್ಜೈಮರ್ಸ್ ಬಗ್ಗೆ ಎರಡು ಗಂಟೆ ಥಿಯರಿ, ಎರಡು ಗಂಟೆ ಪ್ರಾಕ್ಟಿಕಲ್ ಇಟ್ಟುಕೊಳ್ಳಬೇಕು ಅಂತಿದೆ. ಕ್ಲಾಸಿನಲ್ಲಿ ಪೂರ್ತಿ ಕಣ್ಣು ಕಾಣದ ಒಬ್ಬ ಹುಡುಗ ಇದ್ದಾನೆ, ಶ್ರವಣಸಾಧನ ಹಾಕುವ ಒಬ್ಬ ಹುಡುಗಿ ಇದ್ದಾಳೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದವರು. ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ, ಪ್ರೊಜೆಕ್ಟರ್ ಮೇಲೆ ನಿಂತ ಪಾಠ ಬೇಡ.

ಪ್ಲಾಕ್ (ನರಕೋಶಗಳ ಹೊರಗೆ ಕಟ್ಟುವ ಅಮಿಲಾಯ್ಡ್ ಪ್ರೋಟೀನಿನ ಗುಡ್ಡೆ), ಟ್ಯಾಂಗಲ್ (ಕೋಶದ ಒಳಗಿನ ಟೌ ಪ್ರೋಟೀನಿನ ಸಿಕ್ಕು) ಎರಡನ್ನೂ ಮುಟ್ಟಿ ತಿಳಿಯುವ ಹಾಗೆ ಮಾಡುವುದು ಹೇಗೆ? ನೆನಪಿನ ಪರೀಕ್ಷೆಯನ್ನು ಪ್ರಾಕ್ಟಿಕಲ್ ಆಗಿ ಮಾಡಿಸಬಹುದಾ? ಹೊಸ ಔಷಧಿಗಳ ಬಗ್ಗೆ ಎಷ್ಟು ಹೇಳಬೇಕು? "ಮುಟ್ಟಿಸಿ ನೋಡಿ" ಅನ್ನುವಷ್ಟರಲ್ಲಿ ನಿಲ್ಲಿಸಬೇಡಿ, ಅಳತೆ ಸಮೇತ ಬರೆಯಿರಿ.

---

ಅಡಿಕೆಸಿಪ್ಪೆ (ಸಾಗರ)

ಮೊದಲು ಅಳತೆ ನಿಗದಿ ಮಾಡಿಕೊಳ್ಳಿ ಸರ್. ಮಾದರಿ ಮಾಡುವವರು ಹೆಚ್ಚಾಗಿ ಕೆಡಿಸುವುದೇ ಇಲ್ಲಿ: ಅಣು, ಕೋಶ, ಇಡೀ ಮೆದುಳು ಮೂರನ್ನೂ ಒಂದೇ ಬೋರ್ಡಿಗೆ ಅಂಟಿಸಿಬಿಡುತ್ತಾರೆ. ಕಣ್ಣಿದ್ದವರು ಹೇಗೋ ಅಂದಾಜು ಮಾಡಿಕೊಳ್ಳುತ್ತಾರೆ. ಬೆರಳಿನಿಂದ ಓದುವವರಿಗೆ ಎಲ್ಲಾ ಒಂದೇ ಗಾತ್ರದ್ದು ಅಂತಲೇ ತಲೆಯಲ್ಲಿ ಕೂತುಬಿಡುತ್ತದೆ. ಎರಡು ಬೇರೆ ಮಾದರಿ ಮಾಡಿ, ಅಳತೆಯನ್ನು ಬಾಯಲ್ಲಿ ಹೇಳಿಯೇ ಕೈಗೆ ಕೊಡಿ.

ಮೊದಲನೆಯದರಲ್ಲಿ 1 ಮೈಕ್ರೋಮೀಟರ್ ಅಂದರೆ 1 ಮಿಲಿಮೀಟರ್. ಕಾರ್ಟೆಕ್ಸಿನ (ಮೆದುಳಿನ ಹೊರಪದರದ) ಪಿರಮಿಡ್ ನರಕೋಶದ ಒಡಲು ಸುಮಾರು 20 ಮೈಕ್ರೋಮೀಟರ್, ಅಂದರೆ 2 ಸೆಂ.ಮೀ., ಸುಲಿದ ಅಡಿಕೆಯಷ್ಟು. ಪ್ಲಾಕ್ ಚಿಕ್ಕದು ದೊಡ್ಡದು ಎಲ್ಲಾ ಇರುತ್ತವೆ. 50 ಮೈಕ್ರೋಮೀಟರಿನದ್ದನ್ನು ತೆಗೆದುಕೊಂಡರೆ 5 ಸೆಂ.ಮೀ. ಉಂಡೆ. ಅಂದರೆ ಪ್ಲಾಕು ಕೋಶಕ್ಕಿಂತ ದೊಡ್ಡದಾಗಿರಬಹುದು, ಹಾಗಾಗಿ ಅದು ಕೋಶದ ಒಳಗೆ ಇರಲು ಸಾಧ್ಯವೇ ಇಲ್ಲ ಅನ್ನುವುದು ಕೈಗೇ ಗೊತ್ತಾಗುತ್ತದೆ. "ಪ್ಲಾಕ್ ಹೊರಗೆ, ಟ್ಯಾಂಗಲ್ ಒಳಗೆ" ಅಂತ ಹತ್ತು ಸಲ ಬರೆಸಿದರೂ ಪರೀಕ್ಷೆಯಲ್ಲಿ ಉಲ್ಟಾ ಬರೆಯುವವರಿಗೆ ಇದು ಬಹಳ ಉಪಯೋಗ. ಕೋಶದ ಒಡಲಿಗೆ ಮುಚ್ಚಳ ತೆಗೆಯಲು ಬರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಹಾಕಿ, ಒಳಗೆ ಸೆಣಬಿನ ದಾರದ ಸಿಕ್ಕು ತುಂಬಿ. ಅದೇ ಟ್ಯಾಂಗಲ್. ಪ್ಲಾಕ್ ಉಂಡೆಯ ನಡುಭಾಗ ಗಟ್ಟಿ, ಹೊರಭಾಗ ಎಳೆಎಳೆಯಾಗಿ ಇರಲಿ. ಅದರ ಸುತ್ತ ಊದಿಕೊಂಡ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ತುದಿಗಳನ್ನು ತೋರಿಸಲು ಗಂಟು ಹಾಕಿದ ವೈರ್ ಸಾಕು.

ಎರಡನೆಯದರಲ್ಲಿ 1 ನ್ಯಾನೋಮೀಟರ್ ಅಂದರೆ 1 ಮಿಲಿಮೀಟರ್. ಮೈಕ್ರೋಟ್ಯೂಬ್ಯೂಲಿನ (ನರಕೋಶದೊಳಗೆ ಆಧಾರವಾಗಿರುವ ಸಣ್ಣ ಕೊಳವೆ) ಹೊರವ್ಯಾಸ 25 ನ್ಯಾನೋಮೀಟರ್; ವೈರಿಂಗ್‌ನವರು ಹಾಕುವ 25 ಎಂಎಂ ಪಿವಿಸಿ ಪೈಪು ಸರಿಯಾಗಿ ಹೊಂದುತ್ತದೆ. ಅದರ ಮೇಲೆ ಅಲ್ಲಲ್ಲಿ ಸಿಕ್ಕಿಸಿದ ರಬ್ಬರ್ ಬ್ಯಾಂಡೇ ಟೌ ಪ್ರೋಟೀನ್. ಅತಿಯಾಗಿ ಫಾಸ್ಫೇಟ್ ಸೇರಿದ ಟೌ ಪೈಪು ಬಿಟ್ಟು ಕಳಚಿಕೊಂಡು, ತನ್ನತನ್ನಲ್ಲೇ ಹೊಸೆದುಕೊಳ್ಳುತ್ತದೆ. ಹೊಸೆದ ಎಳೆಗೆ ಎರಡೆಳೆಯ ಹುರಿ ತೆಗೆದುಕೊಳ್ಳಿ: ಅಗಲ 8ರಿಂದ 20 ಮಿ.ಮೀ., ಸುಮಾರು 8 ಸೆಂ.ಮೀ.ಗೆ ಒಂದು ತಿರುವು. ನಿಜವಾದ ಎಳೆಯಲ್ಲೂ ತಿರುವು ಬರುವುದು ಸುಮಾರು 80 ನ್ಯಾನೋಮೀಟರಿಗೆ ಒಂದು. "ಟೌ ಕಳಚಿದ ಕೂಡಲೇ ಪೈಪು ಪುಡಿಯಾಗುತ್ತದೆ" ಅಂತ ಮಾತ್ರ ಹೇಳಬೇಡಿ. ಟೌ ಜೀನನ್ನೇ ತೆಗೆದ ಇಲಿಗಳೂ ಬದುಕಿ ಓಡಾಡುತ್ತವೆ. ತೊಂದರೆ ಬರೀ ಆಧಾರ ತಪ್ಪಿದ್ದರಿಂದ ಅಲ್ಲ, ಗುಡ್ಡೆಯಾದ ಟೌನಿಂದಲೂ ಬರುತ್ತದೆ.

ಅಮಿಲಾಯ್ಡ್‌ಗೆ ಮಣಿಸರ ಒಳ್ಳೆಯದು. 42 ಮಣಿ ಪೋಣಿಸಿ, ಎರಡೂ ಕಡೆ ಉದ್ದ ದಾರ ಬಿಡಿ. ಒಂದು ಮಣಿ ಅಂದರೆ ಒಂದು ಅಮೈನೋ ಆಮ್ಲ; ಇಡೀ ದಾರ ಎಪಿಪಿ, ಅಂದರೆ ಅಮಿಲಾಯ್ಡ್ ಹುಟ್ಟುವ ಮೂಲ ಪ್ರೋಟೀನ್. 1ರಿಂದ 28ನೇ ಮಣಿವರೆಗೆ ಕೋಶಪೊರೆಯ ಹೊರಗೆ, 29ರಿಂದಾಚೆ ಪೊರೆಯೊಳಗೆ. ಪೊರೆಗೆ ಥರ್ಮಾಕೋಲ್ ಹಲಗೆ ಸಾಕು. ಕತ್ತರಿ ಅಂದರೆ ಪ್ರೋಟೀನ್ ತುಂಡರಿಸುವ ಕಿಣ್ವ. ಬೀಟಾ ಕತ್ತರಿ ಬೀಳುವುದು 1ನೇ ಮಣಿಗಿಂತ ಮೊದಲು, ಗಾಮಾ ಕತ್ತರಿ 40 ಅಥವಾ 42 ಆದ ಮೇಲೆ, ಪೊರೆಯ ಒಳಗೇ. ಆಲ್ಫಾ ಕತ್ತರಿ 16 ಮತ್ತು 17ರ ನಡುವೆ ಬೀಳುತ್ತದೆ; ಅಲ್ಲೊಂದು ಗಂಟು ಹಾಕಿ. ಗಂಟಿನಲ್ಲಿ ಕತ್ತರಿಸಿದರೆ 42ರ ಸರ ಆಗುವುದೇ ಇಲ್ಲ ಅನ್ನುವುದು ಎಲ್ಲರಿಗೂ ಒಂದೇ ನಿಮಿಷದಲ್ಲಿ ಹೊಳೆಯುತ್ತದೆ. ಕೊನೆಯ ಎರಡು ಮಣಿ ಐಸೋಲ್ಯೂಸಿನ್, ಅಲನಿನ್, ಎರಡೂ ನೀರಿಗೆ ಹಿಂಜರಿಯುವಂಥವು. ಅವೆರಡಕ್ಕೆ ಮಾತ್ರ ವೆಲ್ಕ್ರೋ ಸುತ್ತಿ. 40ರ ಸರಗಳು ಬಿಡಿಬಿಡಿಯಾಗಿರುತ್ತವೆ, 42ರವು ಅಂಟಿಕೊಳ್ಳುತ್ತವೆ. ವೆಲ್ಕ್ರೋ ಜಾಸ್ತಿಯಾದರೆ 40ರದ್ದೂ ಸೇರಿ ಒಂದೇ ಮುದ್ದೆಯಾಗಿ ಹೇಳಬೇಕಾದದ್ದೇ ತಪ್ಪಿಹೋಗುತ್ತದೆ, ಅರ್ಧ ಸೆಂ.ಮೀ. ತುಂಡು ಸಾಕು.

ಹೊರಗಿನವರು ಬರೆದ ಕಡೆಯೆಲ್ಲ ಉಪ್ಪುಹಿಟ್ಟಿನ ಮಾದರಿ ಮಾಡಿ ಅಂತ ಇರುತ್ತದೆ: ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಲೋಟ ನೀರು. ಆಷಾಢದಲ್ಲಿ ನಮ್ಮ ಕಡೆ ಅದು ಒಣಗುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ನೀರೂರಿ, ಒಂದು ವಾರಕ್ಕೆ ಬೂಸ್ಟು. ಎಂ-ಸೀಲ್ ಅಥವಾ ಕುಂಬಾರರ ಜೇಡಿಮಣ್ಣು ಉತ್ತಮ. ಮಣ್ಣಾದರೆ ಬೇಸಿಗೆಯಲ್ಲೇ ಮಾಡಿ ಸುಡಿಸಿಟ್ಟುಕೊಳ್ಳಿ.

---

ಚುಕ್ಕಿಲಿಪಿ (ಶಿವಮೊಗ್ಗ)

ಮೇಲಿನದಕ್ಕೆ ಸೇರಿಸುವುದು ಸ್ವಲ್ಪ ಇದೆ.

ಉಬ್ಬುಚಿತ್ರಕ್ಕೆ ದರ್ಜಿಗಳ ಟ್ರೇಸಿಂಗ್ ವೀಲ್ ಸಾಕು. 140–160 ಜಿಎಸ್‌ಎಂನ ದಪ್ಪ ಹಾಳೆ, ಅಡಿಗೆ ರಬ್ಬರ್ ಮ್ಯಾಟ್. ಹಾಳೆಯ ಹಿಂಬದಿಯಿಂದ ಚಕ್ರ ಓಡಿಸುವುದರಿಂದ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಅದಕ್ಕೆ ಮೊದಲೇ ತಿರುಗಿಸಿ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಎಡ ಅರೆಗೋಳ ಬಲವಾಗುತ್ತದೆ. ಗೆರೆಗಳ ನಡುವೆ 3 ಮಿ.ಮೀ.ಗಿಂತ ಕಮ್ಮಿ ಅಂತರ ಬೇಡ, ಬೆರಳಿಗೆ ಎರಡೂ ಒಂದೇ ಆಗುತ್ತವೆ. ಒಂದು ಹಾಳೆಗೆ ಒಂದೇ ವಿಷಯ: ಮೆದುಳಿನ ಹೊರರೇಖೆ ಬೇರೆ, ಹಿಪೊಕ್ಯಾಂಪಸ್ (ಹೊಸ ನೆನಪು ದಾಖಲಿಸುವ ಭಾಗ) ಮತ್ತು ಅದರ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್ ಬೇರೆ.

ನೋಟ್ಸ್ ವಿಷಯ ಇನ್ನೂ ಮುಖ್ಯ. ನಮ್ಮ ಕಾಲೇಜುಗಳಲ್ಲಿ ಈಗಲೂ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳೇ ಓಡಾಡುತ್ತವೆ. ಕಂಪ್ಯೂಟರಿನ ಒಳಗೆ ಅವು ಇಂಗ್ಲಿಷ್ ಅಕ್ಷರಗಳೇ ಆಗಿರುವುದರಿಂದ ಎನ್‌ವಿಡಿಎ (ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಅದನ್ನು ಅರ್ಥವಿಲ್ಲದ ಶಬ್ದಗಳಾಗಿ ಓದುತ್ತದೆ. ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದು ಸಲ ಕಣ್ಣಾಡಿಸಿ ಸರಿಮಾಡಿ, ಆಮೇಲೆ ಕೊಡಿ. ಪುಸ್ತಕದ ಪುಟವನ್ನು ಫೋಟೋ ತೆಗೆದು ಮಾಡಿದ ಪಿಡಿಎಫ್ ಕಣ್ಣು ಕಾಣದ ಹುಡುಗನಿಗೆ ಖಾಲಿ ಹಾಳೆ.

ಆ ಹುಡುಗಿಗೆ: ಶೀಟ್ ಮಾಡಿನ ಕ್ಲಾಸಿನಲ್ಲಿ ಮಳೆ ಹೊಯ್ಯುವಾಗ ಶ್ರವಣಸಾಧನ ನಿಮ್ಮ ದನಿಯ ಜೊತೆ ಮಳೆಯ ಸದ್ದನ್ನೂ ದೊಡ್ಡದು ಮಾಡುತ್ತದೆ. "ಮೆಷಿನ್ ಹಾಕಿದ್ದಾಳಲ್ಲ" ಅಂತ ಬಿಟ್ಟುಬಿಡಬೇಡಿ. ಆರ್‌ಸಿಸಿ ಕೋಣೆ ಇದ್ದರೆ ಪಾಠ ಅಲ್ಲಿಗೆ ಬದಲಾಯಿಸಿ. ಬೋರ್ಡಿಗೆ ಮುಖ ಮಾಡಿ ಬರೆಯುತ್ತಾ ಮಾತಾಡಬೇಡಿ. ಬರೆಯಿರಿ, ತಿರುಗಿ, ಆಮೇಲೆ ಹೇಳಿ. ಮಾದರಿ ಕೈಯಲ್ಲಿರುವಾಗ ಅವಳ ಕಣ್ಣು ಅದರ ಮೇಲಿರುತ್ತದೆ, ತುಟಿಯ ಮೇಲಲ್ಲ. ಮೊದಲು ಹೇಳಿ, ನಂತರ ಮುಟ್ಟಲು ಸಮಯ ಕೊಡಿ. ಪಾರಿಭಾಷಿಕ ಪದಗಳ ಪಟ್ಟಿ, ಇಪ್ಪತ್ತರೊಳಗೆ, ಹಿಂದಿನ ದಿನವೇ ಕೊಟ್ಟುಬಿಡಿ. ಅದು ಕನ್ನಡ ಮಾಧ್ಯಮದವರಿಗೂ ಆಗುತ್ತದೆ. ಸಾಧನಕ್ಕೆ ತೇವ ಹಿಡಿದು ದನಿ ಕುಗ್ಗುವುದು ಇಲ್ಲಿ ಮಾಮೂಲು. ರಾತ್ರಿ ಬ್ಯಾಟರಿ ತೆಗೆದು ಸಿಲಿಕಾ ಜೆಲ್ ಡಬ್ಬಿಯಲ್ಲಿಡಬೇಕು.

ಸ್ಲೈಡ್ ಹಾಕುವುದೇ ಆದರೆ ಕೆಂಪು-ಹಸಿರು ಬಣ್ಣ ಕೊಟ್ಟ ನರಕೋಶದ ಚಿತ್ರ ಬೇಡ. ಬಣ್ಣಗುರುಡು ಇರುವ ಹುಡುಗರು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ನೇರಳೆಗೆಂಪು-ಹಸಿರು ಜೋಡಿ ಹಾಕಿದರೆ ಬೇರೆಬೇರೆ ಕಾಣುತ್ತವೆ. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕೆಂಬುದು ಕೇಂದ್ರದ 2018ರ ಮಾರ್ಗಸೂಚಿ. ಆಂತರಿಕ ಪರೀಕ್ಷೆಗೂ ಅದನ್ನೇ ಪಾಲಿಸಿ.

---

ನೆನಪುಗಣಿತ (ಶಿವಮೊಗ್ಗ)

ನೆನಪಿನ ಪರೀಕ್ಷೆ ಮಾಡಿಸಿ, ಆದರೆ ಆಸ್ಪತ್ರೆಯಲ್ಲಿ ಬಳಸುವ 30 ಅಂಕದ ಎಂಎಂಎಸ್‌ಇಯನ್ನು (ನೆನಪು, ಗಮನ, ಭಾಷೆ ಅಳೆಯುವ ಚಿಕ್ಕ ಪ್ರಶ್ನಾವಳಿ) ಕ್ಲಾಸಿಗೆ ತರಬೇಡಿ. ಅದಕ್ಕೆ ಕಾಪಿರೈಟ್ ಇದೆ, ಮೇಲಾಗಿ ಸಂಖ್ಯೆ ಬಂದ ಕೂಡಲೇ ಮಕ್ಕಳು ಒಬ್ಬರಿಗೊಬ್ಬರು "ನಿಂಗೆ 26" ಅಂತ ಹಣೆಪಟ್ಟಿ ಹಚ್ಚುತ್ತಾರೆ. ಪದಪಟ್ಟಿ ಕಲಿಯುವ ಪ್ರಯೋಗ ಸಾಕು, ಅದರಲ್ಲಿ ಬೇಕಾದಷ್ಟು ವಿಜ್ಞಾನ ಇದೆ.

ಹತ್ತು ಪದ, ಎರಡು ಸೆಕೆಂಡಿಗೆ ಒಂದರಂತೆ ಒಬ್ಬರೇ ಓದಬೇಕು. ಮುಗಿದ ಕೂಡಲೇ ನೆನಪಿದ್ದಷ್ಟನ್ನು ಬರೆಯುವುದು ಅಥವಾ ಹೇಳುವುದು. ಅದೇ ಪದಗಳನ್ನು ಕ್ರಮ ಬದಲಿಸಿ ಮತ್ತೆರಡು ಸಲ. ನಂತರ 20 ನಿಮಿಷ ಮಾತಿಗೆ ಸಂಬಂಧವಿಲ್ಲದ ಕೆಲಸ; ಮಣಿಸರದ ಮಾದರಿಯನ್ನು ಆಗ ಕೊಡಿ. ಆಮೇಲೆ ಪದ ಓದದೆ ಮತ್ತೆ ಕೇಳಿ. ಕೊನೆಗೆ ಮರೆತ ಪದಗಳಿಗೆ ಸುಳಿವು ಕೊಡಿ: "ಒಂದು ಪ್ರಾಣಿ ಇತ್ತು", "ಮನೆಯಲ್ಲಿ ಹತ್ತಲು ಬಳಸುವುದು".

ಪಟ್ಟಿ ಹೀಗಿರಲಿ: ಕೊಡೆ, ಬೆಲ್ಲ, ಮೊಲ, ಏಣಿ, ನದಿ, ಕನ್ನಡಿ, ಹಗ್ಗ, ಅಂಗಿ, ದೀಪ, ಮೂಗು. ದೀಪದ ಜೊತೆ ಗಂಟೆ ಹಾಕಬೇಡಿ, ಪೂಜೆ ಅಂತ ಎರಡನ್ನೂ ಒಟ್ಟಿಗೆ ಕಟ್ಟಿಕೊಳ್ಳುತ್ತಾರೆ, ಅಂಕ ಏರುತ್ತದೆ. ಮನೆಯಲ್ಲಿ ಉರ್ದು, ತುಳು, ಕೊಂಕಣಿ ಆಡುವ ಮಕ್ಕಳಿಗೆ ಎಲ್ಲ ಪದ ಗೊತ್ತಿದೆಯಾ ಅಂತ ಮೊದಲೇ ಬೇರೆ ಪದಗಳ ನಡುವೆ ಸೇರಿಸಿ ವಿಚಾರಿಸಿ. ಕಿವಿ ಕೇಳದವರಿಗೆ ಅದೇ ವೇಗದಲ್ಲಿ ಕಾರ್ಡು ತೋರಿಸಬಹುದು, ಆದರೆ ಓದಿದ್ದನ್ನೂ ಕೇಳಿದ್ದನ್ನೂ ಒಂದೇ ಸರಾಸರಿಗೆ ಸೇರಿಸಬಾರದು. ನನ್ನ ಕೇಳಿದರೆ ಇಡೀ ಕ್ಲಾಸನ್ನೇ ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಡು, ಒಂದಕ್ಕೆ ದನಿ. ಆಗ ಆ ಹುಡುಗಿ ವಿನಾಯಿತಿ ಆಗುವುದಿಲ್ಲ, ಪ್ರಯೋಗದ ಒಂದು ಗುಂಪಿನ ಸದಸ್ಯೆ ಆಗುತ್ತಾಳೆ.

ಗ್ರಾಫ್ ಹಾಕಿದರೆ ಮೊದಲ ಸುತ್ತಿನಲ್ಲಿ ಪಟ್ಟಿಯ ಆರಂಭದ ಮತ್ತು ಕೊನೆಯ ಪದಗಳು ಮೇಲಿರುತ್ತವೆ, ನಡುವಿನವು ತಗ್ಗಿನಲ್ಲಿ. ಗ್ರಾಫ್ ಹಾಳೆಗೆ ಗುಂಡುಪಿನ್ನು ಚುಚ್ಚಿ ದಾರ ಸುತ್ತಿದರೆ ನಿಮ್ಮ ಹುಡುಗನೂ ಆ ತಗ್ಗನ್ನು ಓದುತ್ತಾನೆ. ಅಲ್ಜೈಮರ್ಸ್‌ನ ಶುರುವಿನಲ್ಲಿ ಆರಂಭದ ಪದಗಳು ಮತ್ತು 20 ನಿಮಿಷದ ನಂತರದ ನೆನಪು ಮೊದಲು ಕುಸಿಯುತ್ತವೆ, ಆಗತಾನೇ ಕೇಳಿದ ಕೊನೆಯ ಪದ ಬಹುಮಟ್ಟಿಗೆ ಉಳಿದಿರುತ್ತದೆ. ಸುಳಿವು ಕೊಟ್ಟರೂ ಅವರಿಗೆ ಅಷ್ಟಾಗಿ ಸಹಾಯವಾಗದು, ಯಾಕೆಂದರೆ ಹಿಪೊಕ್ಯಾಂಪಸ್ ದುರ್ಬಲವಾಗಿ ಪದ ಒಳಗೆ ದಾಖಲಾಗಿಯೇ ಇರುವುದಿಲ್ಲ. ಖಿನ್ನತೆಯಿಂದ ಮರೆವು ಬಂದವರಿಗೆ ಸಾಮಾನ್ಯವಾಗಿ ಸುಳಿವು ಕೆಲಸ ಮಾಡುತ್ತದೆ.

ಇನ್ನೊಂದು ಅರ್ಧ ಗಂಟೆ ಸಿಕ್ಕರೆ ಓದುಬರಹ ಬಾರದವರಿಗೆ ಪರೀಕ್ಷೆ ಹೇಗೆ ಕಟ್ಟುತ್ತಾರೆ ಅನ್ನುವುದನ್ನು ಚರ್ಚೆಗೆ ಇಡಿ. ಹರಿಯಾಣದ ಬಲ್ಲಭಗಢದ ಹಳ್ಳಿಗಳ ಅಧ್ಯಯನಕ್ಕಾಗಿ 1995ರಲ್ಲಿ ಪ್ರಕಟವಾದ ಎಂಎಂಎಸ್‌ಇಯ ಹಿಂದಿ ರೂಪ ಒಳ್ಳೆ ಉದಾಹರಣೆ: "ಕಣ್ಣು ಮುಚ್ಚಿ" ಎಂಬ ಬರಹ ಓದಿ ಮಾಡುವ ಬದಲು, "ನನ್ನನ್ನು ನೋಡಿ, ನಾನು ಮಾಡಿದ ಹಾಗೆ ಮಾಡಿ" ಅಂತ ಹೇಳಿ ಕಣ್ಣು ಮುಚ್ಚಿ ತೋರಿಸುತ್ತಾರೆ. ವಾಕ್ಯ ಬರೆಯುವ ಬದಲು ಮನೆಯ ಬಗ್ಗೆ ಏನಾದರೂ ಹೇಳಬೇಕು. ಅಕ್ಷರ ಹಿಂದುಮುಂದಾಗಿ ಹೇಳುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಬೇಕು. ಈಗ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪರೀಕ್ಷಾ ಕಿಟ್ ಕನ್ನಡದಲ್ಲೂ ಇದೆ, ಆದರೆ ಅದು ತರಬೇತಿ ಆದವರ ಕೈಗೆ. ನಿಮ್ಮ ಮಕ್ಕಳಿಗೆ ಕೇಳಿ: ಹೊಸನಗರದ ಒಂಟಿಮನೆಯ ಅಜ್ಜಿಗೆ "ಯಾವ ಬೀದಿ, ಎಷ್ಟನೇ ಮಹಡಿ" ಅನ್ನುವ ಪ್ರಶ್ನೆಯ ಬದಲು ಏನು ಹಾಕುತ್ತೀರಿ? ಊರು, ಹೋಬಳಿ, ಹತ್ತಿರದ ಹೊಳೆ ಅಂತ ಉತ್ತರ ಬರುತ್ತದೆ. ಜೂನ್ ತಾರೀಖು ಗೊತ್ತಿಲ್ಲದವರಿಗೆ ಅಮಾವಾಸ್ಯೆ ಯಾವತ್ತು ಅಂತ ಗೊತ್ತಿರುತ್ತದೆ. ಗಡಿಯಾರ ಬಿಡಿಸುವ ಪರೀಕ್ಷೆ ಪೆನ್ಸಿಲ್ ಹಿಡಿದೇ ಗೊತ್ತಿಲ್ಲದವರಲ್ಲಿ ಅಳೆಯುವುದು ಶಾಲೆಯನ್ನು, ಮೆದುಳನ್ನಲ್ಲ.

ಒಂದು ಕಟ್ಟುನಿಟ್ಟು: ಮನೆಗೆ ಹೋಗಿ ಅಜ್ಜ-ಅಜ್ಜಿಯರ ಮೇಲೆ ಪ್ರಯೋಗ ಮಾಡಬಾರದು ಅಂತ ಮೊದಲೇ ಹೇಳಿ. ಮಾಡಿಯೇ ಮಾಡುತ್ತಾರೆ. "ಮನೆಯಲ್ಲಿ ಯಾರಿಗಾದರೂ ಇದೆಯಾ, ಕೈ ಎತ್ತಿ" ಅಂತಲೂ ಕೇಳಬೇಡಿ.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಮಾಡಿಯೇ ಬಿಟ್ಟು, "ಸಾರ್, ನಮ್ಮಜ್ಜಿಗೆ ಮೂರೇ ಪದ ಬಂತು" ಅಂತ ಬಂದರೆ ಏನು ಹೇಳಲಿ? ಮತ್ತೆ ಕುರಿ-ಮೇಕೆ ಮೆದುಳು ತೋರಿಸುವುದು ಬೇಕೋ ಬೇಡವೋ?

---

ನೆನಪುಗಣಿತ

ರೋಗದ ಹೆಸರು ಮಾತ್ರ ಹೇಳಬೇಡಿ. ಕಿವಿ ಮಂದ, ಕಣ್ಣಿನ ಪೊರೆ, ಥೈರಾಯ್ಡ್ ಕಮ್ಮಿ, ಬಿ12 ಕಮ್ಮಿ, ಖಿನ್ನತೆ ಇವೆಲ್ಲ ಮರೆವಿನಂತೆಯೇ ಕಾಣುತ್ತವೆ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಹೆಚ್ಚು. ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನೆಗಡಿಗೆ ಅಂಗಡಿಯಲ್ಲಿ ಸಿಗುವ ಕ್ಲೋರ್ಫೆನಿರಮಿನ್ ಇರುವ ಮಾತ್ರೆಗಳು ಅಸಿಟೈಲ್‌ಕೋಲಿನ್ (ನೆನಪಿಗೆ ಬೇಕಾದ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಕೆಲಸಕ್ಕೆ ಅಡ್ಡ ಬರುವುದರಿಂದ ವಯಸ್ಸಾದವರಲ್ಲಿ ಗೊಂದಲ ತರಬಲ್ಲವು. ಇದನ್ನು ಥಿಯರಿಗೂ ಸೇರಿಸಿ: ಅಲ್ಜೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಅದೇ ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆಯುವ ಔಷಧಿ. ಒಂದೆರಡು ದಿನದಲ್ಲೇ ಗೊಂದಲ ಶುರುವಾಗಿದ್ದರೆ ಅದು ಹೆಚ್ಚಾಗಿ ಡೆಲಿರಿಯಂ, ಮೂತ್ರದ ಸೋಂಕೋ ಇನ್ನೊಂದೋ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಟ್ಟಲೆ ನಿಧಾನವಾಗಿ ಬಂದಿದ್ದರೆ ವೈದ್ಯರ ಹತ್ತಿರ ಸಾವಕಾಶವಾಗಿ ತೋರಿಸಲಿ. ಮನೆಯವರಿಗೆ ಮಾತಾಡಲು ಯಾರಾದರೂ ಬೇಕಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಹಿರಿಯರ ಸಹಾಯವಾಣಿ 14567.

---

ಕೋಶಕೋಟೆ (ಶಂಕರಘಟ್ಟ)

ಔಷಧಿ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನಾದರೆ ಅದನ್ನು ಉಪನ್ಯಾಸ ಮಾಡದೆ ಲೆಕ್ಕವಾಗಿ ಕೊಡುತ್ತೇನೆ. ಲೆಕ್ಕಕ್ಕೆ ಪ್ರೊಜೆಕ್ಟರೂ ಬೇಡ.

ಮೆದುಳಿನ ಅಮಿಲಾಯ್ಡ್ ತೆಗೆಯುವ ಹೊಸ ಔಷಧಿ ಲೆಕನೆಮ್ಯಾಬ್‌ನ ದೊಡ್ಡ ಪ್ರಯೋಗದಲ್ಲಿ ಆರಂಭ ಹಂತದ 1,795 ಜನ ಇದ್ದರು. 18 ತಿಂಗಳ ನಂತರ, 18 ಅಂಕದ ಅಳತೆಯಲ್ಲಿ ಸುಳ್ಳುಮದ್ದು ಪಡೆದವರು 1.66ರಷ್ಟು ಹದಗೆಟ್ಟಿದ್ದರು, ಔಷಧಿ ಪಡೆದವರು 1.21. ವ್ಯತ್ಯಾಸ 0.45. ಪತ್ರಿಕೆಯಲ್ಲಿ ಬಂದ "27 ಶೇಕಡಾ" ಎಲ್ಲಿಂದ ಬಂತು ಅಂತ ಮಕ್ಕಳೇ ಕಂಡುಹಿಡಿಯಲಿ: 0.45ನ್ನು 1.66ರಿಂದ ಭಾಗಿಸಿ. ಅದೇ 0.45ನ್ನು 18ರಿಂದ ಭಾಗಿಸಿದರೆ 2.5 ಶೇಕಡಾ. ಎರಡೂ ಲೆಕ್ಕ ಸರಿಯೇ, ಯಾವುದು ಏನನ್ನು ಹೇಳುತ್ತದೆ ಅನ್ನುವುದರ ಮೇಲೆ ಜಗಳವಾಗಲಿ. ಮೆದುಳಿನ ಬಾವು ಸ್ಕ್ಯಾನಿನಲ್ಲಿ ಕಂಡದ್ದು ಔಷಧಿ ಗುಂಪಿನಲ್ಲಿ 12.6 ಶೇಕಡಾ, ಇನ್ನೊಂದರಲ್ಲಿ 1.7. ಡೋಸು ಕೆ.ಜಿ.ಗೆ 10 ಮಿ.ಗ್ರಾಂ., ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ, 60 ಕೆ.ಜಿ. ಇರುವವರಿಗೆ ಒಂದು ಸಲಕ್ಕೆ 600 ಮಿ.ಗ್ರಾಂ. ನಡುನಡುವೆ ಎಂಆರ್‌ಐ ಬೇಕೇಬೇಕು. ಆಗುಂಬೆ ಕಡೆಯ ಒಬ್ಬರಿಗೆ ಇದನ್ನು ಒಂದೂವರೆ ವರ್ಷ ನಡೆಸಲು ಏನೇನು ಬೇಕು ಅಂತ ಪಟ್ಟಿ ಮಾಡಿಸಿ. ಬಸ್ಸು, ಜೊತೆಗೆ ಬರುವವರ ಒಂದು ದಿನದ ಕೂಲಿ ಎಲ್ಲ ಅದರಲ್ಲಿ ಬರಲಿ.

ಇತಿಹಾಸಕ್ಕೆ ಐದು ನಿಮಿಷ ಸಾಕು. ಆಲೋಯಿಸ್ ಅಲ್ಜೈಮರ್ 1906ರಲ್ಲಿ ಟ್ಯೂಬಿಂಗನ್‌ನಲ್ಲಿ ವಿವರಿಸಿದ ಆಗಸ್ಟೆ ಡೆಟರ್ 1901ರಲ್ಲಿ ಆಸ್ಪತ್ರೆ ಸೇರಿದಾಗ 51 ವರ್ಷದವರು. ಅರವತ್ತಕ್ಕೆ ಅರಳುಮರಳು, ವಯಸ್ಸಾದರೆ ಇದ್ದದ್ದೇ ಅನ್ನುವವರಿಗೆ ಅಷ್ಟು ಹೇಳಿ ಮುಂದೆ ಹೋಗಿ. 1984ರಲ್ಲಿ ಗ್ಲೆನ್ನರ್ ಮತ್ತು ವಾಂಗ್ ಅಮಿಲಾಯ್ಡ್ ಬೀಟಾ ಬೇರ್ಪಡಿಸಿದ್ದು, ಎಪಿಪಿ ಜೀನು 21ನೇ ವರ್ಣತಂತುವಿನಲ್ಲಿರುವುದು, ಡೌನ್ ಸಿಂಡ್ರೋಮ್ ಇರುವವರಲ್ಲಿ ಅದರ ಮೂರು ಪ್ರತಿಗಳಿರುವುದರಿಂದ ಪ್ಲಾಕ್ ಬೇಗ ಬರುವುದು: ಈ ಮೂರನ್ನು ಒಂದೇ ಎಳೆಯಲ್ಲಿ ಹೇಳಿದರೆ ಅಮಿಲಾಯ್ಡ್‌ನಿಂದಲೇ ರೋಗ ಶುರು ಅನ್ನುವ ವಾದಕ್ಕೆ ಆಧಾರ ಏನು ಅಂತ ತಿಳಿಯುತ್ತದೆ. ಆ ವಾದದ ತೊಡಕನ್ನೂ ಹೇಳಿ. ಪ್ಲಾಕ್ ಇದ್ದೂ ನೆನಪು ಚೆನ್ನಾಗಿರುವ ವೃದ್ಧರಿದ್ದಾರೆ; ರೋಗಲಕ್ಷಣಕ್ಕೆ ಪ್ಲಾಕಿಗಿಂತ ಟೌ ಹರಡುವಿಕೆ ಹೆಚ್ಚು ಹೊಂದುತ್ತದೆ.

ಅಲ್ಜೈಮರ್ಸ್ ಅಪಾಯ ಹೆಚ್ಚಿಸುವ ಜೀನ್ ರೂಪವಾದ ಎಪಿಒಇ-4 ಬಗ್ಗೆ ಪಾಠ ಮಾಡಿ, ಆದರೆ ಅದೇ ತೀರ್ಪು ಅನ್ನುವಂತೆ ಬೇಡ. ಜೀನ್ ಅಧ್ಯಯನಗಳ ಬಹುಪಾಲು ಯುರೋಪ್ ಮೂಲದವರ ಮೇಲೆ ನಡೆದದ್ದು. ನಮ್ಮಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಇಂಥದ್ದು ಯಾಕೆ ಬೇಕು ಅನ್ನುವುದಕ್ಕೆ ಮಕ್ಕಳಿಗೆ ಅದೇ ಹತ್ತಿರದ ಉದಾಹರಣೆ.

---

ಅಡಿಕೆಸಿಪ್ಪೆ

ಮೇಕೆ ಮೆದುಳು ಇಟ್ಟರೆ ಐಚ್ಛಿಕ ಮಾಡಿ. ಮುಟ್ಟಲಾರದ ಮನೆತನದ ಮಕ್ಕಳಿರುತ್ತಾರೆ, ಅವರಿಗೆ ಹಾಜರಾತಿ ತೋರಿಸಿ ಹೆದರಿಸುವುದು ತರವಲ್ಲ. ಮಣ್ಣಿನ ಮಾದರಿಗೂ ಅದೇ ಅಂಕ ಕೊಡಿ.

ಮಾಂಸದಂಗಡಿಯವರು ಬುರುಡೆಯನ್ನು ನಡುಮಧ್ಯಕ್ಕೆ ಕಡಿದರೆ ಮೆದುಳು ಸೀಳುತ್ತದೆ. ಮೊದಲೇ ಹೇಳಿ ಪಕ್ಕದಿಂದ ಬಿಡಿಸಿಕೊಡಲು ಕೇಳಿ. ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು. ಮೆದುಳಿನ ಹತ್ತರಷ್ಟಾದರೂ ದ್ರಾವಣ ಬೇಕು, ಒಂದು ಮೆದುಳಿಗೆ ಒಂದೂವರೆ ಲೀಟರ್ ಇಟ್ಟುಕೊಳ್ಳಿ. ತಳಕ್ಕೆ ಕೂತರೆ ಚಪ್ಪಟೆಯಾಗುತ್ತದೆ, ಅದಕ್ಕೆ ಅಡಿಭಾಗದ ರಕ್ತನಾಳಕ್ಕೆ ದಾರ ಕಟ್ಟಿ ತಲೆಕೆಳಗಾಗಿ ತೇಲುವಂತೆ ತೂಗುಹಾಕಿ. ಎರಡು ವಾರ ಬಿಡಿ. ಆಮೇಲೆ ರಾತ್ರಿಯಿಡೀ ಹರಿಯುವ ನೀರಲ್ಲಿ ತೊಳೆದು 70 ಶೇಕಡಾ ಆಲ್ಕೋಹಾಲಿಗೆ ಹಾಕಿ. ಬೆರಳಿನಿಂದ ಓದುವವನು ಮುಖ ಹತ್ತಿರ ತಂದೇ ಮುಟ್ಟುತ್ತಾನೆ, ಫಾರ್ಮಲಿನ್ ಹೊಗೆ ಅವನಿಗೇ ಹೆಚ್ಚು. ತೆಳು ನೈಟ್ರೈಲ್ ಗ್ಲೌಸ್ ಹಾಕಿಸಿ, ಕಿಟಕಿ ತೆರೆದಿಡಿ. ಮಳೆ ಬಂತೆಂದು ಮುಚ್ಚಬೇಡಿ.

ಇದರಲ್ಲಿ ರೋಗ ಕಾಣುವುದಿಲ್ಲ ಅಂತ ಮೊದಲೇ ಹೇಳಿ. ಅಂಗಡಿಗೆ ಬರುವ ಮೇಕೆ ಎಳೆಯದು. ಮಡಿಕೆ, ಅರೆಗೋಳ, ಕಿರುಮೆದುಳು ಇಷ್ಟು ಸಿಗುತ್ತವೆ. ಹಿಪೊಕ್ಯಾಂಪಸ್ ಕೂಡ ಮನುಷ್ಯರಲ್ಲಿರುವ ಹಾಗೆ ಕಿವಿಯ ಮಟ್ಟದ ಒಳಬದಿಯಲ್ಲಷ್ಟೇ ಕೂತಿರುವುದಿಲ್ಲ, ಹಿಂದಕ್ಕೂ ಮೇಲಕ್ಕೂ ಬಾಗಿ ಹೋಗಿರುತ್ತದೆ. ನಿಜವಾದ ಮನುಷ್ಯರ ಮೆದುಳು ಕೈಯಲ್ಲಿ ಹಿಡಿಯಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಮ್ಯೂಸಿಯಂ ಇದೆ. ಫೋನ್ ಮಾಡಿ ದಿನ ಗೊತ್ತುಮಾಡುವಾಗಲೇ "ಒಬ್ಬ ವಿದ್ಯಾರ್ಥಿಗೆ ಕಣ್ಣು ಕಾಣುವುದಿಲ್ಲ, ಅವನಿಗೆ ಮುಟ್ಟಲು ಜಾಸ್ತಿ ಹೊತ್ತು ಬೇಕು" ಅಂತ ಹೇಳಿಬಿಡಿ. ಗುಂಪಿನ ಕೊನೆಯಲ್ಲಿ ಅವನನ್ನು ನಿಲ್ಲಿಸಬೇಡಿ, ಅಷ್ಟೊತ್ತಿಗೆ ಅವರು ಟ್ರೇ ಎತ್ತಿಡುವ ಅವಸರದಲ್ಲಿರುತ್ತಾರೆ.